ದಾರಿಯ ಮೇಲೆ ಬದುಕುವವರಿಗೂ ನೆಟ್‌ವರ್ಕ್ ಬೇಕು

ಕಡಲೆ, ಬಿಳಿಜೋಳದ ಸುಗ್ಗಿ ಮುಗಿಯುತ್ತಲೇ ನಮ್ಮ ಎರೆ ಹೊಲಗಳಿಗೆ ಕುರಿ ಹಿಂಡುಗಳು ಬರುತ್ತವೆ. ನೀವು ಹಿಂಡಿನ ಯಜಮಾನನೊಡನೆ ಮಾತನಾಡಿ, ಇಷ್ಟು ರಾತ್ರಿಗೆ ಇಷ್ಟು ಕಾಳು, ಇಷ್ಟು ಹಣ ಎಂದು ಗೊತ್ತುಮಾಡಿ ಹೊಲದಲ್ಲಿ ಕುರಿ ತರುಬಿಸುತ್ತೀರಿ. ಹಿಕ್ಕೆ ಮತ್ತು ಗಂಜಲ ಬಿದ್ದ ಹೊಲದ ಮುಂದಿನ ಪೈರು ಹೇಗಿರುತ್ತದೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಇಂದು ಹೇಳಹೊರಟಿರುವುದು ಆ ಹಿಂಡಿನ ಹಿಂದೆ ನಡೆಯುವ ಮನುಷ್ಯನ ಒಂದು ತೊಂದರೆಯನ್ನು. ಅದನ್ನು ನೀಗಿಸುವುದರಲ್ಲಿ ಸರಕಾರದ ಪಾಲು ಎಷ್ಟಿದೆಯೋ ನಿಮ್ಮ ಊರಿನ ಪಾಲೂ ಅಷ್ಟೇ ಇದೆ.

ಹಿಂದಿನ ವರ್ಷ ನವಲಗುಂದದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಕಡಲೆ ಕಿತ್ತ ಹೊಲದಲ್ಲಿ ಒಂದು ಹಿಂಡು ಬೀಡುಬಿಟ್ಟಿತ್ತು. ರಾಯಬಾಗದ ಕಡೆಯ ಹಿರಿಯ ಕುರಿಗಾರರೊಬ್ಬರು ಫೋನನ್ನು ಮೇಲಕ್ಕೆತ್ತಿ ಹಿಡಿದು ಬದುವಿನ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದರು.

"ಏನ್ ಯಜಮಾನ್ರ, ಏನ್ ಹುಡುಕಾಕತ್ತೀರಿ?" ಎಂದು ಕೇಳಿದೆ.

"ನೆಟ್ ಹುಡುಕಾಕತ್ತೀನ್ರಿ ಸಾಹೇಬ್ರ. ಕುರಿಗೆ ಬ್ಯಾನಿ ಬಂದೈತಿ. ಊರಾಗಿನ ಡಾಕ್ಟರ್‌ಗೆ ಫೋಟೊ ಕಳಸೀನಿ, ಎರಡ ದಿನ ಆತು, ಹೋಗವಲ್ದು" ಎಂದರು.

ಫೋನು ನೋಡಿದೆ. ಮೂರು ಫೋಟೊಗಳು, ಮೂಗಿನಲ್ಲಿ ಸಿಂಬಳ ಕಟ್ಟಿದ ಕುರಿ, ಬಾಯಿ ಹುಣ್ಣಾದ ಕುರಿ, ಉಚ್ಚಿಕೊಂಡು ನೆಲಕ್ಕೊರಗಿದ ಮರಿ. ಪ್ರತಿಯೊಂದರ ಕೆಳಗೂ ಪುಟ್ಟ ಗಡಿಯಾರದ ಗುರುತು. ಅಂದರೆ ಸಂದೇಶ ಫೋನು ಬಿಟ್ಟು ಹೊರಟೇ ಇಲ್ಲ. ಎರಡು ದಿನದ ಹಿಂದೆ ದಿಬ್ಬ ಹತ್ತಿ ಕರೆ ಮಾಡಿದಾಗ ಡಾಕ್ಟರು, "ಫೋಟೊ ಕಳಿಸಿ, ನೋಡಿ ಹೇಳುತ್ತೇನೆ" ಎಂದಿದ್ದರಂತೆ. ಇವರು ಹಿಂಡಿಗೆ ಮರಳಿ, ಫೋಟೊ ತೆಗೆದು, ಗುಂಡಿ ಒತ್ತಿ ಉತ್ತರಕ್ಕೆ ಕಾದಿದ್ದರು. ನನ್ನ ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ಇತ್ತು. ಅದರ ಹಾಟ್‌ಸ್ಪಾಟ್ ತೆರೆದುಕೊಟ್ಟೆ. ಅರ್ಧ ನಿಮಿಷದಲ್ಲಿ ಮೂರೂ ಫೋಟೊ ಹೋದವು. ಹತ್ತು ನಿಮಿಷದಲ್ಲಿ ಉತ್ತರ ಬಂತು. "ಪಿ.ಪಿ.ಆರ್. ಇದ್ದಂತಿದೆ, ರೋಗದ ಕುರಿಗಳನ್ನು ತಕ್ಷಣ ಬೇರೆ ಮಾಡಿ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ." ಆ ಹೊತ್ತಿಗೆ 11 ಕುರಿ ಸತ್ತಿದ್ದವು. ಎರಡು ದಿನ ಮೊದಲೇ ರೋಗದವನ್ನು ಬೇರ್ಪಡಿಸಿದ್ದರೆ ಎಷ್ಟು ಉಳಿಯುತ್ತಿದ್ದವೋ ಹೇಳಲಾರೆ. ಕೆಲವಾದರೂ ಉಳಿಯುತ್ತಿದ್ದವು ಎಂಬುದರಲ್ಲಿ ನನಗೆ ಸಂಶಯವಿಲ್ಲ.

"ಕುರಿ ಕಾಯುವವನಿಗೆ ಇಂಟರ್‌ನೆಟ್ ಏಕೆ?"

ಈ ಪ್ರಶ್ನೆಯನ್ನು ಕಟ್ಟೆಯ ಮೇಲೂ ಕೇಳಿದ್ದೇನೆ, ಕಚೇರಿಯಲ್ಲೂ ಕೇಳಿದ್ದೇನೆ. ಅವರ ಅಜ್ಜ, ಮುತ್ತಜ್ಜ ಇದಾವುದೂ ಇಲ್ಲದೆ ಕುರಿ ಕಾಯಲಿಲ್ಲವೇ ಎನ್ನುತ್ತಾರೆ. ಕಾಯ್ದರು, ನಿಜ. ಆದರೆ ಅಜ್ಜನ ಕಾಲದಲ್ಲಿ ರೇಷನ್ನಿಗೆ ಚೀಟಿ ಇತ್ತು, ಬ್ಯಾಂಕಿಗೆ ಪಾಸ್‌ಬುಕ್ ಇತ್ತು, ಕುರಿ ಮಾರಿದರೆ ನೋಟು ಕೈಗೆ ಬರುತ್ತಿತ್ತು. ಇಂದು ಇವೆಲ್ಲ ಫೋನಿನೊಳಗೆ ಸೇರಿವೆ. ಕುರಿ ಕೊಂಡವನು ಹಣವನ್ನು ಫೋನಿನಲ್ಲೇ ಹಾಕುತ್ತಾನೆ. ಕಚೇರಿಯ ಕೆಲಸಕ್ಕೆ ಓ.ಟಿ.ಪಿ. ಕೇಳುತ್ತಾರೆ. ಸಿಡಿಲಿನ ಮುನ್ಸೂಚನೆ ಕೊಡುವ 'ದಾಮಿನಿ', ಹವಾಮಾನ ಹೇಳುವ 'ಮೇಘದೂತ' ಆಪ್‌ಗಳನ್ನು ಸರಕಾರದ ಸಂಸ್ಥೆಗಳೇ ಮಾಡಿಕೊಟ್ಟಿವೆ. ಮುಂಗಾರು ಪೂರ್ವದ ಗುಡುಗು ಮಳೆಯಲ್ಲಿ ಬಟ್ಟಬಯಲಿನಲ್ಲಿ ಹಿಂಡಿನೊಡನೆ ನಿಲ್ಲುವವನಿಗಿಂತ ಹೆಚ್ಚಾಗಿ ಸಿಡಿಲಿನ ಮುನ್ಸೂಚನೆ ಇನ್ನಾರಿಗೆ ಬೇಕು? ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುವಂತೆ, ಲೋಕದ ವ್ಯವಹಾರವೆಲ್ಲ ಫೋನಿಗೆ ಬಂದ ಮೇಲೆ ಕುರಿಗಾರನೂ ಅಲ್ಲಿಗೆ ಬರಲೇಬೇಕು.

ಕುರಿಗಾರನ ಕೈಯಲ್ಲೂ ಹುಡುಗರ ರೀಲ್ಸ್ ಓಡುತ್ತವೆ, ಹೊತ್ತು ಹಾಳಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಕಾಲುವೆ ನೀರಿನಲ್ಲಿ ಯಾರೋ ಈಜಾಡಿದರೆಂದು ಕೊನೆಯಂಚಿನ ಹೊಲಕ್ಕೆ ನೀರು ನಿಲ್ಲಿಸುವುದುಂಟೇ?

ಕರ್ನಾಟಕದಲ್ಲಿ ಕುರಿ ಸಾಕಣೆ ಸಣ್ಣ ಕಸುಬಲ್ಲ. 2019ರ ಜಾನುವಾರು ಗಣತಿಯಂತೆ ನಮ್ಮಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿದ್ದವು. ತೆಲಂಗಾಣ, ಆಂಧ್ರಗಳ ನಂತರದ ಸ್ಥಾನ ನಮ್ಮದಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಆರಂಭವಾದ 21ನೆಯ ಗಣತಿಯಲ್ಲಿ ಅಲೆಮಾರಿ ಪಶುಪಾಲಕರ ಜಾನುವಾರುಗಳ ವಿವರವನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಬರೆದುಕೊಳ್ಳಲು ತೀರ್ಮಾನಿಸಲಾಯಿತು. ವಿಶ್ವಸಂಸ್ಥೆಯು 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಇವರನ್ನು ಲೆಕ್ಕಕ್ಕೆ ಹಿಡಿಯುವ ಕಾಲ ಬಂದಿತೆಂದು ಸಂತೋಷಪಡೋಣ. ಆದರೆ ನೆಟ್‌ವರ್ಕಿನ ಲೆಕ್ಕದಲ್ಲಿ ಅವರು ಇನ್ನೂ ಹೊರಗೇ ಇದ್ದಾರೆ.

ಅಳತೆಯಲ್ಲೇ ತಪ್ಪಿದೆ

ಯಾವ ಊರಿಗೆ ನೆಟ್‌ವರ್ಕ್ ಇದೆ, ಯಾವ ಊರಿಗಿಲ್ಲ ಎಂದು ಸರಕಾರ ಹಳ್ಳಿಗಳನ್ನು ಎಣಿಸುತ್ತದೆ. ಮನೆಯಲ್ಲಿ ಕೂತವನಿಗೆ ಈ ಎಣಿಕೆ ಸರಿ. ಆದರೆ ದೀಪಾವಳಿ ಮುಗಿಸಿ ಹೊರಟು ಮುಂಗಾರಿಗೆ ಊರ ಕಡೆ ಮುಖಮಾಡುವ ಮನುಷ್ಯ ಊರಿನಲ್ಲಿರುವುದಿಲ್ಲ. ಎರಡು ಊರುಗಳ ನಡುವೆ ಇರುತ್ತಾನೆ. ಕುರಿಗಾರ ಮಾತ್ರವಲ್ಲ, ಕಬ್ಬು ಕಡಿಯುವ ಗ್ಯಾಂಗಿನವರು, ಭತ್ತದ ಕಟಾವು ಯಂತ್ರದೊಡನೆ ಜಿಲ್ಲೆ ಜಿಲ್ಲೆ ಸುತ್ತುವ ಚಾಲಕರು, ಹೂವಿನ ಬೆನ್ನುಹತ್ತಿ ಜೇನುಪೆಟ್ಟಿಗೆ ಸಾಗಿಸುವವರು, ಇವರೆಲ್ಲರ ಪಾಡೂ ಅದೇ. ಟವರಿನ ಎಣಿಕೆ ಊರಿಗೆ. ಇವರ ಬದುಕು ದಾರಿಗೆ.

ಅಲೆಯ ಗುಣವನ್ನು ಸ್ವಲ್ಪ ತಿಳಿದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. 700, 850, 900 ಮೆಗಾಹರ್ಟ್ಸ್‌ನಂತಹ ಕಡಿಮೆ ಕಂಪನಾಂಕದ ಅಲೆಗಳು ದೂರ ಸಾಗುತ್ತವೆ, ಗಿಡಮರ ಗೋಡೆಗಳನ್ನೂ ತಕ್ಕಮಟ್ಟಿಗೆ ದಾಟುತ್ತವೆ. 5ಜಿಗೆ ಬಳಸುವ 3300 ಮೆಗಾಹರ್ಟ್ಸ್‌ನಂತಹ ಹೆಚ್ಚಿನ ಕಂಪನಾಂಕದ ಅಲೆಗಳು ಬಹಳ ಮಾಹಿತಿಯನ್ನು ಹೊರುತ್ತವೆ, ಆದರೆ ಬೇಗ ಸೋಲುತ್ತವೆ. ಪೇಟೆಯಲ್ಲಿ ಹಾರುವ ನೆಟ್ಟು ಹೊಲಕ್ಕೆ ಬಂದೊಡನೆ ಕುಂಟುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಹಂಚಿಕೆ. ಫೋನಿನಲ್ಲಿ ಕಡ್ಡಿಗಳು ಪೂರ್ತಿ ಕಾಣುತ್ತವೆ, ಆದರೆ ಏನೂ ತೆರೆಯುವುದಿಲ್ಲ. ಜಾತ್ರೆಯ ದಿನ ಇದನ್ನು ನೀವೂ ಕಂಡಿದ್ದೀರಿ. ಕಾಲುವೆಯಲ್ಲಿ ನೀರಿದ್ದರೂ ಎಲ್ಲರೂ ಒಮ್ಮೆಗೇ ತೂಬು ಎತ್ತಿದರೆ ಕೊನೆಯಂಚಿನವನಿಗೆ ಬರುವುದು ಕೆಸರು ಮಾತ್ರ. ಮೂರನೆಯದು ವಿದ್ಯುತ್ತು. ಬಹಳ ಹೊತ್ತು ಕರೆಂಟು ಹೋದರೆ ಟವರಿನ ಬ್ಯಾಟರಿಯೂ ಬರಿದಾಗುತ್ತದೆ.

ಇವುಗಳಲ್ಲಿ ಒಂದನ್ನೂ ಕುರಿಗಾರ ತಾನೇ ಸರಿಪಡಿಸಲಾರ. ಆದರೂ ಹೊರಡುವ ಮುನ್ನ ಮಾಡಿಕೊಳ್ಳಬಹುದಾದ ಸಿದ್ಧತೆಗಳಿವೆ.

ಹೊರಡುವ ಮುನ್ನ

ಒಂದನೆಯದಾಗಿ, ಎರಡು ಬೇರೆ ಬೇರೆ ಕಂಪನಿಗಳ ಸಿಮ್ ಇರಲಿ. ಒಂದೇ ಕಂಪನಿಯ ಎರಡು ಸಿಮ್‌ಗಳಿಂದ ಪ್ರಯೋಜನವಿಲ್ಲ. ಒಂದೇ ಬಾವಿಗೆ ಎರಡು ಹಗ್ಗ ಬಿಟ್ಟಂತೆ. ಎರಡನೆಯದಕ್ಕೆ ವರ್ಷವಿಡೀ ಇಂಟರ್‌ನೆಟ್ ಹಾಕಿಸಬೇಕಾಗಿಲ್ಲ. ಮಾತು ಮತ್ತು ಎಸ್.ಎಂ.ಎಸ್. ಮಾತ್ರವಿರುವ ರೀಚಾರ್ಜನ್ನು ಕಂಪನಿಗಳು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಅದನ್ನು ಹಾಕಿಸಿಟ್ಟು, ಆ ಕಂಪನಿಯ ಟವರು ಚೆನ್ನಾಗಿರುವ ಸೀಮೆಗೆ ಹೋಗುವ ತಿಂಗಳಲ್ಲಿ ಮಾತ್ರ ಇಂಟರ್‌ನೆಟ್ ಸೇರಿಸಿಕೊಳ್ಳಬಹುದು.

ಎರಡನೆಯದಾಗಿ, ದಾರಿಯನ್ನು ಮೊದಲೇ ನೋಡಿಕೊಳ್ಳಿ. ಎಲ್ಲೆಲ್ಲಿ ತಮ್ಮ ಸಿಗ್ನಲ್ ಇದೆಯೆಂಬ ನಕ್ಷೆಯನ್ನು ಪ್ರತಿ ಕಂಪನಿಯೂ ತನ್ನ ಜಾಲತಾಣದಲ್ಲಿ ಹಾಕಬೇಕೆಂದು ಟ್ರಾಯ್‌ನ 2024ರ ಗುಣಮಟ್ಟದ ನಿಯಮಗಳು ಹೇಳುತ್ತವೆ. ಮನೆಯಲ್ಲಿರುವ ಓದಿದ ಮಗನೋ ಮಗಳೋ ಈ ನಕ್ಷೆ ನೋಡಿ, ಹಿಂಡು ಹಾಯುವ ಊರುಗಳ ಹೆಸರಿನ ಮುಂದೆ ಯಾವ ಸಿಮ್ ನಡೆಯುತ್ತದೆಂದು ಒಂದು ಹಾಳೆಯಲ್ಲಿ ಬರೆದುಕೊಡಲಿ. ನಕ್ಷೆ ಹೇಳಿದ್ದೆಲ್ಲ ನಿಜವಾಗಲಾರದು. ಹಿಂದಿನ ವರ್ಷ ಅದೇ ದಾರಿಯಲ್ಲಿ ಹೋದವರ ಅನುಭವವನ್ನೂ ಸೇರಿಸಿಕೊಳ್ಳಿ. ಗಡಿ ದಾಟಿ ಸಾಂಗ್ಲಿ, ಕೊಲ್ಲಾಪುರದ ಕಡೆ ಹೋಗುವವರು ಫೋನಿನಲ್ಲಿ 'ಡೇಟಾ ರೋಮಿಂಗ್' ಎಂಬುದನ್ನು ತೆರೆದಿಟ್ಟುಕೊಳ್ಳಬೇಕು. ಅದು ಮುಚ್ಚಿದ್ದರೆ ಕರೆ ಬಂದರೂ ಇಂಟರ್‌ನೆಟ್ ಬಾರದಿರಬಹುದು.

ಮೂರನೆಯದಾಗಿ, ಬೇಕಾದದ್ದನ್ನು ನೆಟ್ಟು ಇರುವಲ್ಲೇ ಫೋನಿಗೆ ತುಂಬಿಕೊಳ್ಳಿ. ದಾರಿಯ ನಕ್ಷೆ, ಆಧಾರ್ ಮತ್ತು ರೇಷನ್ ಕಾರ್ಡಿನ ಪ್ರತಿ, ಕುರಿಗಳಿಗೆ ಲಸಿಕೆ ಹಾಕಿಸಿದ ಚೀಟಿಯ ಫೋಟೊ ಇವೆಲ್ಲ ಒಳಗೇ ಇರಲಿ. ಬಾಯಾರಿದಾಗ ಬಾವಿ ತೋಡಲು ಹೋಗಬಾರದು.

ನಾಲ್ಕನೆಯದಾಗಿ, ಬ್ಯಾಟರಿ. ಸಿಗ್ನಲ್ ಇಲ್ಲದ ಕಡೆ ಫೋನು ಸತತವಾಗಿ ಟವರನ್ನು ಹುಡುಕುತ್ತ ಬೇಗ ಬರಿದಾಗುತ್ತದೆ. ಅಂತಹ ಕಡೆ ವಿಮಾನದ ಗುರುತಿನ ಗುಂಡಿ ಒತ್ತಿಟ್ಟು, ಎತ್ತರದ ಜಾಗಕ್ಕೆ ಬಂದಾಗ ತೆಗೆಯಿರಿ. 5ಜಿ ಬಂದುಹೋಗಿ ಮಾಡುತ್ತಿದ್ದರೆ ಸೆಟ್ಟಿಂಗಿನಲ್ಲಿ 4ಜಿಗೆ ಇಳಿಸಿ. ವೇಗ ಕಡಿಮೆಯಾದರೂ ನಿಂತ ನೆಟ್ಟು ಸಿಗುತ್ತದೆ. 20 ವಾಟಿನ ಮಡಚುವ ಸೌರ ಫಲಕವನ್ನು ಕುದುರೆಯ ಹೇರಿನ ಮೇಲೆ ಬಿಸಿಲಿಗೆ ಹರಡಿ ಕಟ್ಟಿದರೆ ಒಳ್ಳೆಯ ಬಿಸಿಲಿನಲ್ಲಿ ಒಂದೆರಡು ಫೋನಿಗೆ ಸಾಕಾಗುತ್ತದೆ.

ಐದನೆಯದಾಗಿ, ಇಂಟರ್‌ನೆಟ್ ಇಲ್ಲದೆಯೂ ನಡೆಯುವ ಕೆಲಸಗಳನ್ನು ಕಲಿತಿರಿ. ಸಾದಾ ಕರೆ ಹೋಗುವಷ್ಟು ಸಿಗ್ನಲ್ ಇದ್ದರೆ *99# ಒತ್ತಿ ಹಣ ಕಳಿಸಬಹುದು. ಜಾನುವಾರು ರೋಗಕ್ಕೆ 1962, ಬೇಸಾಯದ ಸಲಹೆಗೆ ಕಿಸಾನ್ ಕಾಲ್ ಸೆಂಟರಿನ 1800-180-1551, ಆಪತ್ತಿಗೆ 112 ಇವೆ. ನಿಮ್ಮ ಕಂಪನಿಯ ಟವರು ಇಲ್ಲದಿದ್ದರೂ ಬೇರೆ ಕಂಪನಿಯ ಟವರಿನ ಮೂಲಕ 112ರ ಕರೆ ಹೋಗಬಹುದು. ಆದ್ದರಿಂದ ಕಡ್ಡಿ ಕಾಣುತ್ತಿಲ್ಲವೆಂದು ಪ್ರಯತ್ನ ಬಿಡಬಾರದು. ಮೇಲೆ ಹೇಳಿದ ಹಿರಿಯರಿಗೆ 1962 ಗೊತ್ತಿರಲಿಲ್ಲ. ಆ ಸೀಮೆಯ ಪಶು ಆಸ್ಪತ್ರೆ ಎಲ್ಲಿದೆಯೆಂಬುದೂ ತಿಳಿದಿರಲಿಲ್ಲ. ಇದು ನಮ್ಮ ಇಲಾಖೆಗಳವರ ತಪ್ಪು ಎಂದು ನಾನು ಒಪ್ಪುತ್ತೇನೆ.

ಉಪಗ್ರಹದಿಂದ ನೇರವಾಗಿ ಇಂಟರ್‌ನೆಟ್ ಬರುತ್ತದಂತೆ, ಅದೇ ಪರಿಹಾರವಲ್ಲವೇ ಎಂದು ಕೆಲವರು ಕೇಳುತ್ತಾರೆ. ಸ್ಟಾರ್‌ಲಿಂಕ್ ಸಂಸ್ಥೆಗೆ 2025ರ ಜೂನ್‌ನಲ್ಲಿ ಭಾರತದ ದೂರಸಂಪರ್ಕ ಇಲಾಖೆಯ ಪರವಾನಗಿ ದೊರೆತದ್ದು ನಿಜ. ಆದರೆ ಅದಕ್ಕೆ ತಟ್ಟೆಯಂತಹ ಸಲಕರಣೆ ಬೇಕು, ಫೋನಿಗಿಂತ ಹಲವು ಪಟ್ಟು ವಿದ್ಯುತ್ತು ಬೇಕು. ದಿನವೂ ಬೀಡು ಬದಲಿಸುವ ಹಿಂಡಿನವರು ಅದನ್ನು ಹೊತ್ತು ತಿರುಗುವುದು ಸುಲಭದ ಮಾತಲ್ಲ.

ಸರಕಾರ ಮಾಡಬೇಕಾದದ್ದು

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡರೂ ದಾರಿಯ ಮೇಲಿನವನ ನೆಟ್ಟು ಅರ್ಧ ಮಾತ್ರ ಗಟ್ಟಿ. ಉಳಿದರ್ಧ ಅವನ ಕೈಯಲ್ಲಿಲ್ಲ.

ಒಂದು ಒಳ್ಳೆಯ ಹೆಜ್ಜೆಯನ್ನು ಸರಕಾರ ಈಗಾಗಲೇ ಇಟ್ಟಿದೆ. ಡಿಜಿಟಲ್ ಭಾರತ ನಿಧಿಯ ಹಣದಿಂದ ನಿಂತ 4ಜಿ ಟವರುಗಳನ್ನು ಹಲವು ಕಂಪನಿಗಳ ಗಿರಾಕಿಗಳು ಬಳಸಬಹುದಾದ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ದೊರೆಯಿತು. ದೇಶದ ಸುಮಾರು 27,000 ಟವರುಗಳು ಇದರ ಲೆಕ್ಕದಲ್ಲಿವೆ. ಊರ ಬಾವಿಯನ್ನು ಎಲ್ಲ ಓಣಿಯವರಿಗೂ ತೆರೆದಂತಾಯಿತು ಇದು. ಒಂದೇ ಕಂಪನಿಯ ಟವರು ಮಾತ್ರ ಇರುವ ಸೀಮೆಗಳಿಗೆಲ್ಲ ಈ ನಿಯಮವನ್ನು ವಿಸ್ತರಿಸಬೇಕೆಂಬುದು ನನ್ನ ಅಭಿಪ್ರಾಯ. ಆ ದಿನ ನವಲಗುಂದದ ಹೊಲದಲ್ಲಿ ಅಲೆ ಇರಲಿಲ್ಲವೆಂದಲ್ಲ. ನನ್ನ ಫೋನಿಗೆ ಬಂದ ಅಲೆ ಅವರ ಫೋನಿಗೆ ನಿಷಿದ್ಧವಾಗಿತ್ತು, ಅಷ್ಟೇ.

ಸಿಗ್ನಲ್ಲನ್ನು ಅಳೆಯಲು ಟ್ರಾಯ್‌ನವರು ವಾಹನದಲ್ಲಿ ಪಟ್ಟಣಗಳಲ್ಲೂ ಹೆದ್ದಾರಿಗಳಲ್ಲೂ ಸಂಚರಿಸಿ ಪರೀಕ್ಷೆ ನಡೆಸುತ್ತಾರೆ. ಹಿಂಡುಗಳು ತಲೆಮಾರುಗಳಿಂದ ಹಾಯುವ ದಾರಿಗಳನ್ನೂ ಈ ಪರೀಕ್ಷೆಗೆ ಸೇರಿಸಬೇಕು. ಕುರಿಗಾರರು ಹೋಗುವ ದಾರಿ ಯಾವುದೆಂದು ಪಶು ಇಲಾಖೆಯವರು ಬಲ್ಲರು, ಕೇಳಿದರೆ ಹೇಳುತ್ತಾರೆ.

ಇನ್ನು ನಮ್ಮ ಕಚೇರಿಗಳ ವಿಷಯ. ಓ.ಟಿ.ಪಿ. ಬಂದು ಕೆಲವೇ ನಿಮಿಷಗಳಲ್ಲಿ ಒತ್ತದಿದ್ದರೆ ಕೆಲಸ ಕೆಡುವ ಪದ್ಧತಿ ಪೇಟೆಯವನಿಗೆ ಸರಿ. ನಮ್ಮ ಕಚೇರಿಯಲ್ಲಿ ಹೆಂಡತಿ ಅರ್ಜಿಯ ಮುಂದೆ ಕೂತಿರುತ್ತಾಳೆ, ಓ.ಟಿ.ಪಿ. ನೂರು ಮೈಲಿ ಆಚೆ ಗಂಡನ ಫೋನಿಗೆ ಹೋಗುತ್ತದೆ. ಅವನು ಗುಡ್ಡದ ಹಿಂದಿರುತ್ತಾನೆ. ಅರ್ಜಿ ಹಿಂದೆ ಬರುತ್ತದೆ. ವರ್ಷದಲ್ಲಿ ಎಂಟೊಂಬತ್ತು ತಿಂಗಳು ಹೊರಗಿರುವ ಕುಟುಂಬಗಳಿಗೆ ಕಾಗದದ ದಾರಿಯನ್ನೂ ತೆರೆದಿಡಬೇಕು. ಅವರು ಊರಿನಲ್ಲಿರುವ ಮಳೆಗಾಲದ ದಿನಗಳಲ್ಲೇ ಶಿಬಿರ ನಡೆಸಿ ಇಂತಹ ಕೆಲಸಗಳನ್ನು ಮುಗಿಸಿಕೊಡಬೇಕು. ಇದಕ್ಕೆ ಹೊಸ ಟವರೂ ಬೇಡ, ಹೊಸ ಹಣವೂ ಬೇಡ. ಕಚೇರಿಯವರ ಮನಸ್ಸು ಸಾಕು.

ನಿಮ್ಮ ಊರಿನ ಅರವಟ್ಟಿಗೆ

ಈಗ ನಿಮ್ಮ ಪಾಲಿನ ಮಾತು. ಬೇಸಿಗೆ ಬಂತೆಂದರೆ ನಮ್ಮ ಊರುಗಳಲ್ಲಿ ಅರವಟ್ಟಿಗೆ ಇಡುತ್ತೇವೆ. ನೀರು ಕುಡಿಯುವವನ ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ. ದಾರಿಹೋಕನಿಗೆ ನೀರು ಕೊಡುವುದು ಊರಿನ ಮರ್ಯಾದೆ. ಇಂದಿನ ದಾರಿಹೋಕನಿಗೆ ನೀರಿನ ಜೊತೆಗೆ ಇನ್ನೊಂದು ಬಾಯಾರಿಕೆಯೂ ಇದೆ.

ನೀವು ಈ ಪುಟವನ್ನು ಓದುತ್ತಿರುವ ಗ್ರಂಥಾಲಯವನ್ನೇ ನೋಡಿ. ಪಂಚಾಯಿತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಹಲವೆಡೆ ಕಂಪ್ಯೂಟರು, ಇಂಟರ್‌ನೆಟ್ ಬಂದಿವೆ. ಭಾರತ್‌ನೆಟ್ ಯೋಜನೆಯಡಿ ಗ್ರಾಮ ಪಂಚಾಯಿತಿಗಳಿಗೆ ನೆಲದಡಿಯ ಗಾಜಿನೆಳೆಯ ತಂತಿ ಎಳೆಯಲಾಗಿದೆ. ತಂತಿಯಲ್ಲಿ ಬರುವ ಈ ಇಂಟರ್‌ನೆಟ್‌ಗೆ ಗುಡ್ಡ ಅಡ್ಡವಾಗುವುದಿಲ್ಲ. ಅದನ್ನು ವೈಫೈ ಮೂಲಕ ಜಗಲಿಯವರೆಗೆ ಹರಿಸಿದರೆ ಸಾಕು. ಕುರಿಗಾರ ಸಂಜೆ ದಿನಸಿಗೆ ಊರೊಳಗೆ ಬಂದಾಗ ಕಾಲು ಗಂಟೆ ಜಗಲಿಯಲ್ಲಿ ಕೂತು ಫೋಟೊ ಕಳಿಸುತ್ತಾನೆ, ಮನೆಯವರ ಮುಖ ನೋಡುತ್ತಾನೆ, ನಾಳಿನ ಮಳೆ ತಿಳಿದುಕೊಳ್ಳುತ್ತಾನೆ. ವೈಫೈ ಕೆಲವು ಹತ್ತು ಮೀಟರಿಗಿಂತ ದೂರ ಹೋಗದು. ಆದರೆ ಅರವಟ್ಟಿಗೆಯೂ ಮೈಲಿಗೊಂದೇ ಅಲ್ಲವೇ?

ಪಂಚಾಯಿತಿಯಲ್ಲಿ ಆಗದಿದ್ದರೆ ಕಿರಾಣಿ ಅಂಗಡಿಯವರೋ ಚಹಾದಂಗಡಿಯವರೋ ಮಾಡಬಹುದು. ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿದ 'ಪಿಎಂ-ವಾಣಿ' ಯೋಜನೆಯಂತೆ ಯಾವ ಅಂಗಡಿಯವನಾದರೂ ಪರವಾನಗಿ ಇಲ್ಲದೆ, ನೋಂದಣಿ ಶುಲ್ಕವಿಲ್ಲದೆ ಸಾರ್ವಜನಿಕ ವೈಫೈ ಇಟ್ಟು ಅಲ್ಪ ದರಕ್ಕೆ ಮಾರಬಹುದು. ಹಿಂದೆ ಎಸ್.ಟಿ.ಡಿ. ಬೂತುಗಳಿದ್ದಂತೆಯೇ ಇದು. ಅಂಗಡಿಯ ಗೋಡೆಗೆ ನಾಲ್ಕು ಪ್ಲಗ್ಗಿನ ಒಂದು ಬೋರ್ಡು ಹಾಕಿ ಫೋನು ಚಾರ್ಜಿಗೂ ಅವಕಾಶ ಮಾಡಿದರೆ ಇನ್ನೂ ಒಳ್ಳೆಯದು. ಜೊತೆಗೆ ಸಮೀಪದ ಪಶು ಆಸ್ಪತ್ರೆಯ ಫೋನ್ ಸಂಖ್ಯೆಯನ್ನೂ 1962ನ್ನೂ ಅಲ್ಲೇ ದೊಡ್ಡ ಅಕ್ಷರದಲ್ಲಿ ಬರೆದಿಡಿ.

ಒಂದು ಎಚ್ಚರಿಕೆಯನ್ನು ಮಾತ್ರ ಎಲ್ಲರೂ ನೆನಪಿಡಬೇಕು. ನೆಟ್ಟು ಕೊಟ್ಟವನಿಗೆ ಫೋನು ಕೊಟ್ಟು ಪಿನ್ ಹೇಳುವುದು, ಓ.ಟಿ.ಪಿ. ಓದಿ ಹೇಳುವುದು ಸಲ್ಲದು. ಹಣ ಕಳಿಸುವಾಗ ನಡುವೆ ನೆಟ್ಟು ಹೋದರೆ ಎರಡನೆಯ ಬಾರಿ ಕಳಿಸುವ ಮುನ್ನ ಮೊದಲನೆಯದು ಹೋಯಿತೋ ಇಲ್ಲವೋ ಖಾತೆಯಲ್ಲಿ ನೋಡಿಕೊಳ್ಳಬೇಕು.

ರೈತ ಬಾಂಧವರೇ, ಇದರಲ್ಲಿ ಪರೋಪಕಾರವಷ್ಟೇ ಅಲ್ಲ, ನಿಮ್ಮ ಲಾಭವೂ ಇದೆ. ಹಿಂಡಿಗೆ ರೋಗ ಬಂದದ್ದು ತಡವಾಗಿ ತಿಳಿದರೆ ಅದು ನಿಮ್ಮ ಕೊಟ್ಟಿಗೆಯ ಆಡು ಕುರಿಗಳಿಗೂ ಹರಡುತ್ತದೆ. ಯಾವ ಹಿಂಡು ಯಾವ ದಿನ ಬರುತ್ತದೆಂದು ಮೊದಲೇ ಫೋನಿನಲ್ಲಿ ಗೊತ್ತಾದರೆ ನೀವು ಹೊಲವನ್ನು ಸಿದ್ಧವಾಗಿಟ್ಟುಕೊಳ್ಳಬಹುದು. ಸೌಕರ್ಯವಿದ್ದ ಊರಿಗೆ ಕುರಿಗಾರ ಮರುವರ್ಷವೂ ಬರುತ್ತಾನೆ. ಇಲ್ಲದ ಊರನ್ನು ಬಳಸಿಕೊಂಡು ಮುಂದೆ ಹೋಗುತ್ತಾನೆ. ಗೊಬ್ಬರವೂ ಅವನೊಡನೆ ಮುಂದೆ ಹೋಗುತ್ತದೆ.

ಬರುವ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿ. ಜಗಲಿಗೆ ವೈಫೈ, ಗೋಡೆಗೆ ಪ್ಲಗ್ಗು, ಫಲಕದ ಮೇಲೆ ಆಸ್ಪತ್ರೆಯ ನಂಬರು ಎಂಬ ಮೂರನ್ನು ಬರೆಸಿ ಠರಾವು ಮಾಡಿಸಿ. ಸರಕಾರದ ಟವರು ಬಂದಾಗ ಬರಲಿ. ಅಲ್ಲಿಯವರೆಗೆ ಬದುವಿನ ಮೇಲೆ ಫೋನೆತ್ತಿ ಹಿಡಿದು ಅಲೆಯುವವರನ್ನು ಕಂಡರೆ ಒಂದು ನಿಮಿಷ ನಿಂತು ನಿಮ್ಮ ಹಾಟ್‌ಸ್ಪಾಟ್ ತೆರೆದುಕೊಡಿ. ಅದಕ್ಕೆ ತಗಲುವ ಖರ್ಚು ಒಂದು ಚೊಂಬು ನೀರಿನಷ್ಟೂ ಅಲ್ಲ.